ಕಂಪೆನಿ ಹೋಯಿತು, ನಂಬರು ಉಳಿಯಿತು

ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಊರಿಗೆ ಹೊಂದಿಕೊಂಡಂತೆಯೇ ಒಂದು ಕಲ್ಲುಗುಡ್ಡವುಂಟು. ಆ ಗುಡ್ಡದ ಬಂಡೆಯೊಂದರ ಮೇಲೆ ಬ್ರಾಹ್ಮೀ ಲಿಪಿಯಲ್ಲಿ ಕೆತ್ತಿದ ಕೆಲವು ಸಾಲುಗಳಿವೆ. ಚಿನ್ನದ ಗಣಿಗಳ ಎಂಜಿನಿಯರಾಗಿದ್ದ ಸಿ. ಬೀಡನ್ ಎಂಬವರು 1915ರಲ್ಲಿ ಅವುಗಳನ್ನು ಕಂಡುಹಿಡಿದರು. ಅದಕ್ಕೆ ಮುಂಚೆ ದೇಶದ ನಾನಾ ಕಡೆಗಳಲ್ಲಿ ದೊರೆತಿದ್ದ ಧರ್ಮಲಿಪಿಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳು ಕಾಣುತ್ತಿದ್ದವೇ ಹೊರತು ಅರಸನ ಸ್ವಂತ ಹೆಸರು ಕಾಣುತ್ತಿರಲಿಲ್ಲ. ಬಿರುದನ್ನು ನಂಬಿ ಆಳನ್ನು ಗುರುತಿಸುವುದು ಅಪಾಯದ ಕೆಲಸ. ದೇವಾನಾಂಪ್ರಿಯನೆನಿಸಿಕೊಂಡ ಅರಸನು ಒಬ್ಬನೇ ಅಲ್ಲ. ಸಿಂಹಳದ ತಿಸ್ಸ ರಾಜನಿಗೂ ಅದೇ ಬಿರುದಿದ್ದಿತು. ಬ್ರಾಹ್ಮಿಯನ್ನು ಓದಿದ ಜೇಮ್ಸ್ ಪ್ರಿನ್ಸೆಪ್ಪನೂ ಮೊದಲಿಗೆ ಆ ಸಿಂಹಳದ ಅರಸನನ್ನೇ ನೆನೆದಿದ್ದನು. ಮಸ್ಕಿಯ ಬಂಡೆಯಲ್ಲಿಯಾದರೋ ಬಿರುದಿನ ಪಕ್ಕದಲ್ಲಿಯೇ ‘ಅಶೋಕ’ ಎಂಬ ಹೆಸರಿದೆ. ಬಿರುದು ಯಾರದೆಂಬುದು ಅಲ್ಲಿಗೆ ಇತ್ಯರ್ಥವಾಯಿತು.

ಈ ಹಳೆಯ ಕಲ್ಲಿಗೂ ನಮ್ಮ ಕಿಸೆಯಲ್ಲಿರುವ ಮೊಬೈಲು ದೂರವಾಣಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ನಾವು ‘ನನ್ನ ನಂಬರು’ ಎಂದು ಹೇಳಿಕೊಳ್ಳುವ ಹತ್ತು ಅಂಕೆಗಳು ಕೂಡ ಒಂದು ಬಿರುದೇ. ಅದರ ಹಿಂದೆ ಬೇರೊಂದು ಹೆಸರು ಅಡಗಿದೆ. ಆ ಹೆಸರು ಬದಲಾದರೂ ಬಿರುದು ಉಳಿಯಬಲ್ಲದು. ಅಜಾಗರೂಕತೆಯಿಂದಿದ್ದರೆ ಬಿರುದು ಮತ್ತೊಬ್ಬರ ಪಾಲಾಗಲೂ ಬಲ್ಲದು. ದೂರವಾಣಿ ಕಂಪೆನಿಯೊಂದು ಬಾಗಿಲು ಮುಚ್ಚಿದಾಗ ಇದರ ಅರ್ಥ ಚೆನ್ನಾಗಿ ಹೊಳೆಯುತ್ತದೆ.

ಮಸ್ಕಿಯಿಂದ ಬಸ್ಸು ಹಿಡಿದು ಸಿಂಧನೂರಿಗೆ ಬರೋಣ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಈ ಸೀಮೆಗೆ ಬಂದ ಮೇಲೆ ಇದು ಭತ್ತದ ಊರು. ಸೋನಾ ಮಸೂರಿ ಎಂದರೆ ಸಿಂಧನೂರು ಎನ್ನುವಷ್ಟು ಅಕ್ಕಿಯ ಗಿರಣಿಗಳೂ ಭತ್ತದ ಅಂಗಡಿಗಳೂ ಇಲ್ಲಿವೆ. ನನ್ನ ಪರಿಚಯದ ಒಬ್ಬ ಹಿರಿಯ ವ್ಯಾಪಾರಿಗಳು ಇಲ್ಲಿದ್ದಾರೆ. ಅವರನ್ನು ಸಾವಕಾರರೆಂದೇ ಕರೆಯೋಣ. 2018ನೆಯ ಇಸವಿಯಲ್ಲಿ ಅವರ ಬಳಿ ಎರಡು ನಂಬರುಗಳಿದ್ದವು, ಎರಡೂ ಒಂದೇ ಕಂಪೆನಿಯವು. ಕಂಪೆನಿಯ ಹೆಸರು ಇಲ್ಲಿ ಬೇಡ. ಒಂದನೆಯ ನಂಬರನ್ನು ಅಂಗಡಿಯ ಫಲಕದ ಮೇಲೆ ಹಳದಿ ಬಣ್ಣದಲ್ಲಿ ದಪ್ಪನಾಗಿ ಬರೆಯಿಸಿದ್ದರು. ಎರಡನೆಯದನ್ನು ಬಹಳ ಹಿಂದೆ ಬ್ಯಾಂಕಿನ ಖಾತೆಗೂ ಆಧಾರಿಗೂ ಜೋಡಿಸಿ, ಆ ಫೋನನ್ನು ಗಲ್ಲೆಯ ಖಾನೆಯಲ್ಲಿಟ್ಟು ಮರೆತಿದ್ದರು. ಕಂಪೆನಿ ಮುಚ್ಚುವ ಸುದ್ದಿ ಪತ್ರಿಕೆಯಲ್ಲಿ ಬಂದ ಕೂಡಲೆ ಕಾಲೇಜಿನಲ್ಲಿ ಓದುತ್ತಿದ್ದ ಅವರ ಮಗಳು ಫಲಕದ ನಂಬರನ್ನು ಬೇರೆ ಕಂಪೆನಿಗೆ ವರ್ಗಾಯಿಸಿಕೊಟ್ಟಳು. ಖಾನೆಯಲ್ಲಿದ್ದ ಫೋನು ಯಾರ ನೆನಪಿಗೂ ಬರಲಿಲ್ಲ. ಅವೆರಡರ ಗತಿ ಏನಾಯಿತೆಂಬುದನ್ನು ಮುಂದೆ ನೋಡೋಣ.

ಬಂದವರು, ಹೋದವರು

ಭಾರತದಲ್ಲಿ ಮೊದಲ ಮೊಬೈಲು ಸಂಭಾಷಣೆ ನಡೆದುದು 1995ರ ಜುಲೈ 31ರಂದು, ಕಲಕತ್ತೆಯಲ್ಲಿದ್ದ ಜ್ಯೋತಿ ಬಸು ಅವರಿಗೂ ದೆಹಲಿಯಲ್ಲಿದ್ದ ಕೇಂದ್ರ ಮಂತ್ರಿ ಸುಖರಾಮ್ ಅವರಿಗೂ ನಡುವೆ. ಕರ್ನಾಟಕದ ಮೊದಲ ಎರಡು ಖಾಸಗಿ ಪರವಾನೆಗಳು ಜೆ.ಟಿ. ಮೊಬೈಲ್ಸ್ ಮತ್ತು ಸ್ಪೈಸ್ ಎಂಬ ಕಂಪೆನಿಗಳಿಗೆ ದೊರೆತವು. ಇಂದು ಈ ಎರಡು ಹೆಸರುಗಳೂ ಇಲ್ಲ. ಜೆ.ಟಿ. ಮೊಬೈಲ್ಸನ್ನು 1999ರಲ್ಲಿ ಏರ್‌ಟೆಲ್ಲಿನ ಒಡೆಯರಾದ ಭಾರ್ತಿಯವರು ಕೊಂಡರು. ಸ್ಪೈಸನ್ನು ಕೊಳ್ಳುವುದಾಗಿ 2008ರಲ್ಲಿ ಐಡಿಯಾ ಘೋಷಿಸಿತು. ಐಡಿಯಾ ಸಹ 2018ರ ಆಗಸ್ಟ್ 31ರಂದು ವೊಡಾಫೋನಿನೊಡನೆ ಸೇರಿಹೋಯಿತು. ವೊಡಾಫೋನಾದರೂ 2007ರವರೆಗೆ ಹಚ್ ಎಂಬ ಹೆಸರಿನಲ್ಲಿದ್ದುದೇ.

ಒಂದು ಕಾಲದಲ್ಲಿ ಕರ್ನಾಟಕವೊಂದರಲ್ಲಿಯೇ ಹತ್ತರ ಸಮೀಪ ಕಂಪೆನಿಗಳು ಗ್ರಾಹಕರಿಗಾಗಿ ಪೈಪೋಟಿ ನಡೆಸುತ್ತಿದ್ದವು. ಸಿಂಧನೂರಿನ ಬಸ್ ನಿಲ್ದಾಣದ ಸುತ್ತಲಿನ ಅಂಗಡಿಗಳ ಮೇಲೆ ಬಣ್ಣಬಣ್ಣದ ಫಲಕಗಳು ಒಂದರ ಮೇಲೊಂದು ಏರಿದ್ದುದು ದೊಡ್ಡವರಿಗೆಲ್ಲ ನೆನಪಿರಬಹುದು. 2012ರ ಫೆಬ್ರವರಿ 2ರಂದು ಸರ್ವೋಚ್ಚ ನ್ಯಾಯಾಲಯವು 122 ಪರವಾನೆಗಳನ್ನು ರದ್ದುಗೊಳಿಸಿತು. ಆ ವರ್ಷವೇ ಯೂನಿನಾರ್ ಕರ್ನಾಟಕವನ್ನು ಬಿಟ್ಟಿತು. 2016ರ ಸೆಪ್ಟೆಂಬರ್ 5ರಂದು ಜಿಯೋ ಬಂದ ಮೇಲೆ ಬೆಲೆಗಳು ಕುಸಿದವು, ಸಾಲದಲ್ಲಿದ್ದ ಕಂಪೆನಿಗಳು ಒಂದೊಂದಾಗಿ ಉರುಳಿದವು. ರಿಲಯನ್ಸ್ ಕಮ್ಯೂನಿಕೇಷನ್ಸ್ 2017ರ ಡಿಸೆಂಬರ್ 1ರಿಂದ ಮಾತಿನ ಸೇವೆಯನ್ನು ನಿಲ್ಲಿಸಿತು. ಏರ್‌ಸೆಲ್ 2018ರ ಜನವರಿ 30ಕ್ಕೆ ಆರು ವಲಯಗಳಿಂದ ಹಿಂದೆಗೆದು, ಫೆಬ್ರವರಿಯ ಕೊನೆಗೆ ದಿವಾಳಿಯ ಅರ್ಜಿ ಹಾಕಿತು. ಟಾಟಾ ಡೊಕೊಮೊದ ಗ್ರಾಹಕರು 2019ರ ಜುಲೈ 1ರಂದು ಏರ್‌ಟೆಲ್ಲಿಗೆ ಸೇರಿದರು. ಈಗ ಈ ಸೀಮೆಯಲ್ಲಿ ಉಳಿದಿರುವುದು ನಾಲ್ಕು ಕಂಪೆನಿಗಳು, ಅವುಗಳಲ್ಲಿ ಒಂದು ಸರ್ಕಾರದ್ದು.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಕಂಪೆನಿಯನ್ನು ಮತ್ತೊಂದು ಕಂಪೆನಿ ಕೊಂಡರೆ ಗ್ರಾಹಕನು ಮಾಡಬೇಕಾದುದು ಹೆಚ್ಚೇನೂ ಇರುವುದಿಲ್ಲ. ಗೋಪುರಗಳು, ದಫ್ತರಗಳು, ನಂಬರುಗಳು ಎಲ್ಲವೂ ಹೊಸ ಒಡೆಯನಿಗೆ ಸೇರುತ್ತವೆ. ಊರಿನ ಗಿರಣಿ ಕೈ ಬದಲಾದಂತೆ. ಆದರೆ ಕೊಳ್ಳುವವರಿಲ್ಲದೆ ಕಂಪೆನಿ ನಂದಿಹೋದರೆ ನಂಬರನ್ನು ಕಾಪಾಡಿಕೊಳ್ಳುವ ಹೊಣೆ ಗ್ರಾಹಕನ ಮೇಲೆಯೇ ಬೀಳುತ್ತದೆ.

ಚೀಟಿಯೊಳಗಿನ ಹೆಸರು

ಸಿಮ್ ಕಾರ್ಡೆಂಬ ಉಗುರಿನಷ್ಟಗಲದ ಚೀಟಿಯಲ್ಲಿ ನಮ್ಮ ಹತ್ತಂಕಿಯ ನಂಬರೇ ಅಡಗಿದೆಯೆಂದು ಬಹುಮಂದಿ ತಿಳಿದಿದ್ದಾರೆ. ಇದು ಸರಿಯಲ್ಲ. ಅದರಲ್ಲಿರುವ ಮುಖ್ಯ ವಸ್ತುಗಳು ಎರಡು. ಒಂದು, ಜಗತ್ತಿನಲ್ಲಿ ಮತ್ತಾರಿಗೂ ಇಲ್ಲದ, ಸಾಮಾನ್ಯವಾಗಿ 15 ಅಂಕೆಗಳುಳ್ಳ ಗುರುತಿನ ಸಂಖ್ಯೆ. ಅದರ ಮೊದಲ ಮೂರು ಅಂಕೆಗಳು ದೇಶವನ್ನು ಸೂಚಿಸುತ್ತವೆ. ಭಾರತಕ್ಕೆ 404 ಮತ್ತು 405 ಮೀಸಲಾಗಿವೆ. ಅನಂತರದ ಅಂಕೆಗಳು ಕಂಪೆನಿಯನ್ನೂ ವಲಯವನ್ನೂ ಹೇಳುತ್ತವೆ. ಕರ್ನಾಟಕದ ಬಿ.ಎಸ್.ಎನ್.ಎಲ್. ಚೀಟಿಯಾದರೆ 40471 ಎಂದು ಆರಂಭವಾಗುತ್ತದೆ. ಸ್ಪೈಸಿನದಾಗಿದ್ದರೆ 40444 ಎಂದಿರುತ್ತಿತ್ತು. ಇದೇ ನಾನು ಹೇಳಿದ ‘ಸ್ವಂತ ಹೆಸರು’. ಇದನ್ನು ನಾವು ಯಾರಿಗೂ ಹೇಳುವುದಿಲ್ಲ; ನಮಗೇ ತಿಳಿದಿರುವುದಿಲ್ಲ.

ಇನ್ನೊಂದು, ಒಂದು ರಹಸ್ಯ ಕೀಲಿ. ಸೊನ್ನೆ ಮತ್ತು ಒಂದು ಎಂಬ ಅಂಕೆಗಳನ್ನು 128 ಸ್ಥಾನಗಳಲ್ಲಿ ಬರೆದು ಆದ ಸಂಖ್ಯೆಯದು. ಹೀಗೆ ಬರೆಯಬಹುದಾದ ಸಂಖ್ಯೆಗಳು ಎಷ್ಟೆಂದು ಲೆಕ್ಕ ಹಾಕಿದರೆ 39 ಅಂಕೆಗಳಷ್ಟು ಉದ್ದದ ಮೊತ್ತ ಬರುತ್ತದೆ. ಊಹೆಯಿಂದ ಕೀಲಿಯನ್ನು ಹಿಡಿಯುವುದು ಅಸಾಧ್ಯವೆನ್ನುವುದಕ್ಕೆ ಇಷ್ಟು ಸಾಕು. ಈ ಕೀಲಿಯ ಒಂದು ಪ್ರತಿ ಚೀಟಿಯಲ್ಲಿದೆ, ಮತ್ತೊಂದು ಪ್ರತಿ ಕಂಪೆನಿಯ ಭದ್ರವಾದ ದಫ್ತರದಲ್ಲಿದೆ. ಫೋನನ್ನು ಹೊತ್ತಿಸಿದಾಗ ಕಂಪೆನಿಯು ಯಾವುದೋ ಒಂದು ಸಂಖ್ಯೆಯನ್ನು ಎಸೆದು, ‘ಇದನ್ನು ನಿನ್ನ ಕೀಲಿಯೊಡನೆ ಬೆರೆಸಿ ಉತ್ತರ ಹೇಳು’ ಎನ್ನುತ್ತದೆ. ಚೀಟಿಯು ಒಳಗೇ ಗಣಿತ ಮಾಡಿ ಉತ್ತರವನ್ನು ಮಾತ್ರ ಕಳುಹಿಸುತ್ತದೆ. ಕಂಪೆನಿಯೂ ತನ್ನಲ್ಲಿರುವ ಪ್ರತಿಯಿಂದ ಅದೇ ಗಣಿತವನ್ನು ಮಾಡಿ ನೋಡುತ್ತದೆ. ಎರಡು ಉತ್ತರಗಳೂ ಒಂದಾದರೆ ಒಳಗೆ ಬಿಡುತ್ತದೆ. ಸ್ವಾರಸ್ಯವೆಂದರೆ ಕೀಲಿ ಎಂದಿಗೂ ಗಾಳಿಯಲ್ಲಿ ಸಂಚರಿಸುವುದಿಲ್ಲ; ಕದ್ದು ಕೇಳುವವನಿಗೆ ಪ್ರಶ್ನೆಯೂ ಉತ್ತರವೂ ದೊರೆಯಬಹುದು, ಕೀಲಿ ದೊರೆಯದು.

ಇದರಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ಕಂಪೆನಿಯ ದಫ್ತರವೇ ಇಲ್ಲವಾದರೆ ಚೀಟಿಯು ಕೇವಲ ಪ್ಲಾಸ್ಟಿಕ್ಕಿನ ಚೂರು. ಅದರ ಪ್ರಶ್ನೋತ್ತರಕ್ಕೆ ಜೊತೆಗಾರನಿಲ್ಲ. ಹೊಸ ಕಂಪೆನಿಗೆ ಹೋಗುವವನಿಗೆ ಹೊಸ ಚೀಟಿ ಏಕೆ ಬೇಕೆಂಬುದಕ್ಕೂ ಇದೇ ಕಾರಣ.

ಹಾಗಾದರೆ ಹತ್ತಂಕಿಯ ನಂಬರು ಎಲ್ಲಿದೆ? ಅದು ಕಂಪೆನಿಯ ದಫ್ತರದಲ್ಲಿದೆ. ‘ಈ ನಂಬರು ಈ ಚೀಟಿಯದು’ ಎಂಬ ಒಂದು ಸಾಲಿನ ದಾಖಲೆಯಷ್ಟೇ. ಇದನ್ನು ತವರು ದಫ್ತರವೆಂದು ಕರೆಯೋಣ. ಸಿಂಧನೂರಿನ ಮನುಷ್ಯನು ಬಸ್ಸಿನಲ್ಲಿ ಮಸ್ಕಿಯನ್ನು ದಾಟಿ ಲಿಂಗಸುಗೂರಿಗೆ ಹೋಗುವಾಗ ಅವನ ಫೋನು ಒಂದು ಗೋಪುರವನ್ನು ಬಿಟ್ಟು ಮತ್ತೊಂದನ್ನು ಹಿಡಿಯುತ್ತ ಸಾಗುತ್ತದೆ. ಆಯಾ ಪ್ರದೇಶದ ಅತಿಥಿ ದಫ್ತರದಲ್ಲಿ ಅವನ ಹೆಸರು ದಾಖಲಾಗಿ, ‘ನಿಮ್ಮವನು ಈಗ ಇಲ್ಲಿದ್ದಾನೆ’ ಎಂಬ ವರದಿ ತವರಿಗೆ ಮುಟ್ಟುತ್ತದೆ. ಅವನನ್ನು ಯಾರಾದರೂ ಕರೆದರೆ ತವರು ದಫ್ತರವನ್ನು ವಿಚಾರಿಸಿ, ಇರುವ ತಾಣವನ್ನು ತಿಳಿದು, ಅಲ್ಲಿ ಗಂಟೆ ಬಾರಿಸುವುದು. ಇಷ್ಟೆಲ್ಲ ನಡೆಯುವ ಹೊತ್ತಿನಲ್ಲಿ ಆ ಪುಣ್ಯಾತ್ಮನು ಬಸ್ಸಿನ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗಿರಬಹುದು.

ಆದರೆ ಕರೆ ಮಾಡುವವನ ಕಡೆಯ ಯಂತ್ರಕ್ಕೆ ಈ ನಂಬರು ಯಾವ ಕಂಪೆನಿಯ ತವರಿಗೆ ಸೇರಿದ್ದೆಂದು ತಿಳಿಯುವುದು ಹೇಗೆ? ಹಿಂದೆ ಇದು ಸುಲಭವಾಗಿದ್ದಿತು. ಸ್ಥಿರ ದೂರವಾಣಿಯಲ್ಲಿ 08535 ಎಂದರೆ ಸಿಂಧನೂರು ಎಂದು ಹೇಗೋ ಹಾಗೆಯೇ ಮೊಬೈಲಿನಲ್ಲಿ ಮೊದಲ ನಾಲ್ಕಂಕೆಗಳು ಕಂಪೆನಿಯನ್ನೂ ವಲಯವನ್ನೂ ಸಾರುತ್ತಿದ್ದವು. 9448 ಎಂದರೆ ಕರ್ನಾಟಕದ ಬಿ.ಎಸ್.ಎನ್.ಎಲ್., 9845 ಎಂದರೆ ಏರ್‌ಟೆಲ್, 9844 ಎಂದರೆ ಸ್ಪೈಸ್, 9886 ಎಂದರೆ ಹಚ್. ಯಂತ್ರವು ನಾಲ್ಕಂಕೆಗಳನ್ನು ಓದಿ ದಾರಿ ಹಿಡಿಯುತ್ತಿತ್ತು. ನಂಬರು ಕಂಪೆನಿಯ ಸ್ವತ್ತು, ಗ್ರಾಹಕ ಅದರ ಬಾಡಿಗೆದಾರ. ಕಂಪೆನಿಯನ್ನು ಬಿಟ್ಟರೆ ನಂಬರನ್ನೂ ಬಿಡಬೇಕಾಗಿತ್ತು. ಸಂಪರ್ಕ ಚೆನ್ನಾಗಿಲ್ಲದಿದ್ದರೂ ಎಷ್ಟೋ ಜನ ನಂಬರಿನ ಮೋಹಕ್ಕಾಗಿಯೇ ಹಳೆಯ ಕಂಪೆನಿಯನ್ನು ಸಹಿಸಿಕೊಂಡಿದ್ದರು.

ನಂಬರನ್ನು ಕಂಪೆನಿಯಿಂದ ಬಿಡಿಸುವ ಪ್ರಯತ್ನ ಮೊಬೈಲಿನಲ್ಲಿ ಮೊದಲು ನಡೆದುದು 1997ರಲ್ಲಿ ಸಿಂಗಪುರದಲ್ಲಿ. ಬ್ರಿಟನ್ನು 1999ರಲ್ಲಿ, ಅಮೆರಿಕವು 2003ರಲ್ಲಿ, ನಮ್ಮ ನೆರೆಯ ಪಾಕಿಸ್ತಾನವು 2007ರಲ್ಲಿ ಇದನ್ನು ಜಾರಿಗೆ ತಂದವು. ಭಾರತದಲ್ಲಿ 2010ರ ನವೆಂಬರ್ 25ರಂದು ಹರಿಯಾಣದಲ್ಲಿ ಆರಂಭವಾಗಿ 2011ರ ಜನವರಿ 20ರಂದು ದೇಶಕ್ಕೆಲ್ಲ ಹಬ್ಬಿತು. ಆಗ ಒಂದು ವಲಯದೊಳಗೆ ಮಾತ್ರ ಕಂಪೆನಿ ಬದಲಾಯಿಸಬಹುದಾಗಿತ್ತು. 2015ರ ಜುಲೈ 3ರಿಂದ ವಲಯ ದಾಟಿದರೂ ನಂಬರು ಉಳಿಯುವಂತಾಯಿತು. ಸಿಂಧನೂರಿನಂಥ ಊರಿಗೆ ಇದು ಸಣ್ಣ ವಿಷಯವಲ್ಲ. ಕಾಲುವೆ ಬಂದಾಗ ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪುಗಳು ಇಲ್ಲಿ ಎಷ್ಟೋ ಇವೆ. ಅವರ ಮಕ್ಕಳು ಹೈದರಾಬಾದಿಗೂ ಬೆಂಗಳೂರಿಗೂ ಹೋಗಿ ಬರುತ್ತ ಎರಡು ವಲಯಗಳ ನಡುವೆ ಬಾಳುವವರು.

ಮಗಳಿಗೆ ಬರೆದ ಕಾಗದ

ಕಂಪೆನಿ ಬದಲಾಯಿಸಿದವನಿಗೆ ಕರೆಯನ್ನು ಮುಟ್ಟಿಸಲು ಎರಡು ವಿಧಾನಗಳುಂಟು. ಸಿಂಧನೂರಿನ ಹುಡುಗಿಯೊಬ್ಬಳು ಮದುವೆಯಾಗಿ ಲಿಂಗಸುಗೂರಿಗೆ ಹೋದಳೆನ್ನಿ. ಗೆಳತಿಯರು ಅವಳಿಗೆ ಹಳೆಯ ವಿಳಾಸಕ್ಕೇ ಕಾಗದ ಬರೆಯುತ್ತಾರೆ. ತಂದೆ ಆ ಕಾಗದಗಳ ಮೇಲೆ ಲಿಂಗಸುಗೂರಿನ ವಿಳಾಸ ಬರೆದು ಮತ್ತೆ ಅಂಚೆಗೆ ಹಾಕುತ್ತಾನೆ. ಇದು ಒಂದನೆಯ ವಿಧಾನ. ಬ್ರಿಟನ್ನಿನಲ್ಲಿ ಕರೆಗಳು ಹೀಗೆಯೇ ಸಾಗುವಂತೆ ಏರ್ಪಡಿಸಿದರು: ಕರೆಯು ಮೊದಲು ಹಳೆಯ ಕಂಪೆನಿಗೆ ಹೋಗಿ, ಅದು ಹೊಸ ಕಂಪೆನಿಗೆ ದಾಟಿಸುತ್ತದೆ. ಎರಡನೆಯ ವಿಧಾನದಲ್ಲಿ ಊರಿಗೆಲ್ಲ ಒಂದು ವಿಳಾಸದ ಪುಸ್ತಕವಿದೆ. ಯಾರಿಗೇ ಕಾಗದ ಬರೆಯಲಿ, ಮೊದಲು ಪುಸ್ತಕವನ್ನು ತೆರೆದು ಅವರು ಈಗೆಲ್ಲಿದ್ದಾರೆಂದು ನೋಡಿಯೇ ವಿಳಾಸ ಬರೆಯಬೇಕು.

ಒಂದನೆಯದು ಅಗ್ಗ, ಬೇಗ ಏರ್ಪಡಿಸಬಹುದು. ಆದರೆ ತವರುಮನೆಗೆ ಬೀಗ ಬಿದ್ದರೆ? ಕಾಗದಗಳು ಬಾಗಿಲ ಸಂದಿಯಲ್ಲಿ ಬಿದ್ದಿರುತ್ತವೆ. ಮಗಳು ಲಿಂಗಸುಗೂರಿನಲ್ಲಿ ಸುಖವಾಗಿದ್ದರೂ ಗೆಳತಿಯರ ಪಾಲಿಗೆ ಅವಳಿಲ್ಲ.

ಭಾರತವು ಎರಡನೆಯ ವಿಧಾನವನ್ನು ಆರಿಸಿಕೊಂಡಿತು. ದೇಶವನ್ನು ಎರಡು ಭಾಗ ಮಾಡಿ ಒಂದೊಂದಕ್ಕೂ ಒಂದು ಸ್ವತಂತ್ರ ಸಂಸ್ಥೆಯನ್ನು ನೇಮಿಸಿದರು. ಕರ್ನಾಟಕವು ದಕ್ಷಿಣ ಮತ್ತು ಪೂರ್ವದ ಭಾಗಕ್ಕೆ ಸೇರಿದೆ. ವರ್ಗಾವಣೆಯಾದ ನಂಬರುಗಳ ಪುಸ್ತಕ ಆ ಸಂಸ್ಥೆಗಳಲ್ಲಿದೆ, ಅದರ ಪ್ರತಿಯನ್ನು ಪ್ರತಿಯೊಂದು ಕಂಪೆನಿಯೂ ಇಟ್ಟುಕೊಂಡು ಆಗಾಗ ತಿದ್ದಿಕೊಳ್ಳುತ್ತಿರಬೇಕು. ಒಂದೊಂದು ಕಂಪೆನಿಗೆ ವಲಯಕ್ಕೊಂದರಂತೆ ನಾಲ್ಕಂಕಿಯ ಒಂದು ದಾರಿಸಂಖ್ಯೆಯನ್ನು ಕೊಟ್ಟಿದ್ದಾರೆ. ಕರೆ ಹೊರಡುವ ಕಡೆಯ ಯಂತ್ರವು ಪುಸ್ತಕವನ್ನು ನೋಡಿ, ಆ ನಂಬರಿನ ಹಿಂದೆ ದಾರಿಸಂಖ್ಯೆಯನ್ನು ಅಂಟಿಸಿ ಕಳುಹಿಸುತ್ತದೆ. ಮುಂದಿನ ಯಂತ್ರಗಳು ನೋಡುವುದು ದಾರಿಸಂಖ್ಯೆಯನ್ನು. 9844 ಎಂಬುದಕ್ಕೆ ಇನ್ನು ಬೆಲೆಯಿಲ್ಲ. ಬಿಟ್ಟುಬಂದ ಕಂಪೆನಿ ಬದುಕಿದೆಯೋ ಸತ್ತಿದೆಯೋ ಎಂಬ ಪ್ರಶ್ನೆಯೇ ಈ ಪ್ರಯಾಣದಲ್ಲಿ ಏಳುವುದಿಲ್ಲ. 2011ರಲ್ಲಿ ಕಂಪೆನಿಗಳ ಪೈಪೋಟಿಗೆಂದು ಕಟ್ಟಿದ ಏರ್ಪಾಡು 2018ರಲ್ಲಿ ಕಂಪೆನಿಗಳ ಸಾವಿನ ಕಾಲಕ್ಕೆ ಹೀಗೆ ಒದಗಿತು. ನನ್ನ ಎಣಿಕೆಯಲ್ಲಿ ಈ ಇಡೀ ವ್ಯವಸ್ಥೆಯಲ್ಲಿ ಮೆಚ್ಚತಕ್ಕ ಭಾಗ ಇದೇ. ಗ್ರಾಹಕರಿಗಾದರೋ ಇದೊಂದಿದೆಯೆಂಬುದೂ ತಿಳಿಯದು.

ಆದರೆ ಒಂದು ಕಡೆ ಈ ಏರ್ಪಾಡು ಹಳೆಯ ಕಂಪೆನಿಯ ಮೇಲೆ ನಿಂತಿದ್ದಿತು. ವರ್ಗಾವಣೆ ಬಯಸುವವನು ತನ್ನ ಫೋನಿನಿಂದ ‘ಪೋರ್ಟ್’ ಎಂದು ಬರೆದು, ಸ್ವಲ್ಪ ಜಾಗ ಬಿಟ್ಟು, ನಂಬರನ್ನು ಸೇರಿಸಿ 1900ಕ್ಕೆ ಸಂದೇಶ ಕಳುಹಿಸಬೇಕು. ಮರುಸಂದೇಶದಲ್ಲಿ ಎಂಟು ಅಕ್ಷರ–ಅಂಕೆಗಳ ಒಂದು ಸಂಕೇತ ಬರುತ್ತದೆ. ಅದನ್ನೂ ಗುರುತಿನ ದಾಖಲೆಗಳನ್ನೂ ಹೊಸ ಕಂಪೆನಿಯ ಅಂಗಡಿಯಲ್ಲಿ ಕೊಟ್ಟರೆ ಹೊಸ ಚೀಟಿ ದೊರೆಯುತ್ತದೆ. ಸಂಕೇತವೆಂಬುದು ಶಾಲೆ ಬಿಡುವಾಗ ಕೊಡುವ ವರ್ಗಾವಣೆ ಪತ್ರವಿದ್ದಂತೆ. 2018ರಲ್ಲಿ ಈ ಪತ್ರವನ್ನು ಬರೆಯುತ್ತಿದ್ದವನು ಬಿಟ್ಟುಕೊಡುವ ಕಂಪೆನಿಯೇ. ಸಂದೇಶ ಹೊರಡಬೇಕಾದುದೂ ಅದರ ಗೋಪುರದಿಂದಲೇ. ಗೋಪುರ ಸತ್ತರೆ ಪತ್ರವಿಲ್ಲ. ಪತ್ರವಿಲ್ಲದೆ ಹೊಸ ಶಾಲೆಯಿಲ್ಲ.

ಸೇವೆ ನಿಲ್ಲಿಸುವ ಕಂಪೆನಿಯು ಸರ್ಕಾರಕ್ಕೆ 60 ದಿನ, ಗ್ರಾಹಕರಿಗೆ 30 ದಿನ ಮುಂಚಿತವಾಗಿ ತಿಳಿಸಬೇಕೆಂದು ಪರವಾನೆಯ ಷರತ್ತಿದೆ. ಆದರೆ ಹಣವಿಲ್ಲದ ಕಂಪೆನಿ ದಿನ ಗೊತ್ತುಮಾಡಿಕೊಂಡು ಸಾಯುವುದಿಲ್ಲ. ಏರ್‌ಸೆಲ್ಲಿನ ಕಡೆಯ ದಿನಗಳಲ್ಲಿ ಬಾಕಿಯ ಕಾರಣದಿಂದ ಗೋಪುರಗಳು ಅಲ್ಲಲ್ಲಿ ತಣ್ಣಗಾದವು. ತಮಿಳುನಾಡಿನಲ್ಲಿ ಲಕ್ಷಾಂತರ ಜನರು ಒಂದೇ ವಾರದಲ್ಲಿ ಮೂಕರಾದರು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ಮಧ್ಯೆ ಪ್ರವೇಶಿಸಿ, ಸಂಕೇತಗಳು ಬೇರೆ ಮಾರ್ಗದಿಂದ ಗ್ರಾಹಕರಿಗೆ ದೊರೆಯುವಂತೆ ಆಜ್ಞೆ ಮಾಡಬೇಕಾಯಿತು. ಏರ್‌ಸೆಲ್ ಗ್ರಾಹಕರಿಗೆ ನಂಬರು ಉಳಿಸಿಕೊಳ್ಳಲು 2019ರ ಅಕ್ಟೋಬರ್ 31ರವರೆಗೆ ಅವಧಿಯನ್ನು ಕೊಟ್ಟಿತು.

2019ರ ಡಿಸೆಂಬರ್ 16ರಿಂದ ನಿಯಮ ಬದಲಾಗಿದೆ. ಈಗ ಸಂಕೇತವನ್ನು ರಚಿಸುವುದು ಹಳೆಯ ಕಂಪೆನಿಯಲ್ಲ, ಪುಸ್ತಕವನ್ನು ಕಾಯುವ ಸ್ವತಂತ್ರ ಸಂಸ್ಥೆ. ಅದು ಹಳೆಯ ಕಂಪೆನಿಯ ದಫ್ತರವನ್ನು ಆಗಿಂದಾಗಲೇ ವಿಚಾರಿಸಿ, ಬಾಕಿ ಇಲ್ಲವೆಂದೂ ಗ್ರಾಹಕನು ಆ ಕಂಪೆನಿಯಲ್ಲಿ 90 ದಿನ ಕಳೆದಿದ್ದಾನೆಂದೂ ಖಚಿತಪಡಿಸಿಕೊಂಡು ಸಂಕೇತ ಕೊಡುತ್ತದೆ. ಸಂಕೇತಕ್ಕೆ ನಾಲ್ಕು ದಿನಗಳ ಆಯುಸ್ಸು. ವಲಯದೊಳಗಿನ ವರ್ಗಾವಣೆ ಮೂರು ಕೆಲಸದ ದಿನಗಳಲ್ಲಿ, ವಲಯ ದಾಟುವುದು ಐದು ದಿನಗಳಲ್ಲಿ ಮುಗಿಯಬೇಕು; ಹಿಂದೆ ಏಳು ದಿನಗಳು ಹಿಡಿಯುತ್ತಿದ್ದವು. 2024ರ ಜುಲೈ 1ರಿಂದ ಮತ್ತೊಂದು ತಡೆ ಸೇರಿದೆ: ಚೀಟಿ ಬದಲಾಯಿಸಿ ಏಳು ದಿನಗಳಾಗದೆ ಸಂಕೇತ ಕೊಡುವುದಿಲ್ಲ. ಇನ್ನೊಬ್ಬರ ಹೆಸರಿನಲ್ಲಿ ಮೋಸದಿಂದ ಚೀಟಿ ಪಡೆದು, ಕೂಡಲೆ ಕಂಪೆನಿ ಬದಲಾಯಿಸಿ ಪಾರಾಗುವ ಕಳ್ಳರಿಗಾಗಿ ಈ ತಡೆ.

ನಿಗದಿಯಾದ ಹೊತ್ತಿಗೆ ಹಳೆಯ ಚೀಟಿ ಸುಮ್ಮನಾಗುತ್ತದೆ. ಹೊಸ ಕಂಪೆನಿಯ ತವರು ದಫ್ತರದಲ್ಲಿ ಹೊಸ ಚೀಟಿಯ ಎದುರಿಗೆ ಹಳೆಯ ನಂಬರು ದಾಖಲಾಗುತ್ತದೆ, ಪುಸ್ತಕದ ತಿದ್ದುಪಡಿ ಎಲ್ಲ ಕಂಪೆನಿಗಳಿಗೂ ಪ್ರಸಾರವಾಗುತ್ತದೆ. ನಡುವೆ ಕೆಲವು ಗಂಟೆಗಳ ಮೌನ. ಅದಕ್ಕಾಗಿಯೇ ಈ ಕೆಲಸವನ್ನು ಸಾಮಾನ್ಯವಾಗಿ ರಾತ್ರಿ ಮಾಡುತ್ತಾರೆ. ಹಳೆಯ ಚೀಟಿಯಲ್ಲಿ ಉಳಿದಿದ್ದ ಹಣ ಮಾತ್ರ ಜೊತೆಗೆ ಬರುವುದಿಲ್ಲ.

ಯಾವ ಕಂಪೆನಿ?

ಬಿಟ್ಟ ಮೇಲೆ ಎಲ್ಲಿಗೆ ಸೇರಬೇಕೆಂಬ ಪ್ರಶ್ನೆಗೆ ಜಾಹೀರಾತುಗಳಿಗಿಂತ ಭೌತಶಾಸ್ತ್ರ ಒಳ್ಳೆಯ ಉತ್ತರ ಕೊಡಬಲ್ಲದು. ಕಂಪೆನಿಗಳು ಬಳಸುವ ರೇಡಿಯೋ ಅಲೆಗಳು ಒಂದೇ ತೆರನಾದುವಲ್ಲ. ಬೆಳಕಿನ ವೇಗವಾದ ಸೆಕೆಂಡಿಗೆ 30 ಕೋಟಿ ಮೀಟರನ್ನು ಆವರ್ತಾಂಕದಿಂದ ಭಾಗಿಸಿದರೆ ಅಲೆಯ ಉದ್ದ ದೊರೆಯುತ್ತದೆ; ವಿದ್ಯಾರ್ಥಿಗಳು ತಾವೇ ಲೆಕ್ಕ ಮಾಡಿ ನೋಡಲಿ. 850 ಮೆಗಾಹರ್ಟ್ಸಿನ ಅಲೆ ಸುಮಾರು 35 ಸೆಂಟಿಮೀಟರು, 2300 ಮೆಗಾಹರ್ಟ್ಸಿನದು ಸುಮಾರು 13 ಸೆಂಟಿಮೀಟರು. ಉದ್ದನೆಯ ಅಲೆ ಹೆಚ್ಚು ದೂರ ಹೋಗುತ್ತದೆ, ಅಡ್ಡ ಬಂದ ವಸ್ತುವಿನ ಅಂಚನ್ನು ಬಳಸಿ ಬಾಗುತ್ತದೆ, ಗೋಡೆಯನ್ನು ಹಾಯುತ್ತದೆ. ಗಿಡ್ಡ ಅಲೆಗಳಿಗೆ ಮೀಸಲಾದ ಪಟ್ಟಿಗಳು ಸಾಮಾನ್ಯವಾಗಿ ಅಗಲವಾಗಿದ್ದು ಹೆಚ್ಚು ಮಾಹಿತಿಯನ್ನು ಹೊರಬಲ್ಲವು, ಆದರೆ ಬೇಗ ದಣಿಯುತ್ತವೆ.

ಸಿಂಧನೂರಿನ ಸುತ್ತಲೂ ಭತ್ತದ ಗದ್ದೆಗಳು ಹಾಸಿದ ಚಾಪೆಯಂತೆ ಸಮನಾಗಿವೆ. ಅಲೆಗೆ ಅಡ್ಡಿ ಕಡಿಮೆ. ಮಸ್ಕಿಯಿಂದ ಲಿಂಗಸುಗೂರಿನ ಕಡೆಗೆ ಹೊರಟರೆ ಕಲ್ಲುಗುಡ್ಡಗಳು ಎದುರಾಗುತ್ತವೆ. ಗುಡ್ಡದ ಮರೆಯಲ್ಲಿರುವ ಹಳ್ಳಿಯು ಗೋಪುರದ ನೆರಳಿನಲ್ಲಿರುತ್ತದೆ. ಇಲ್ಲಿ ನೆರಳೆಂದರೆ ಅಲೆ ಬೀಳದ ಜಾಗ. ಪಟ್ಟಣದಲ್ಲಿ ಓಡುವ ಕಂಪೆನಿ ಹೊಲದಲ್ಲಿ ಕುಂಟುವುದು ಈ ಕಾರಣದಿಂದ. ಆದುದರಿಂದ ಸೇರುವ ಮುಂಚೆ ಆ ಕಂಪೆನಿಯ ಚೀಟಿಯುಳ್ಳ ನೆರೆಯವರ ಫೋನನ್ನು ತೆಗೆದುಕೊಂಡು, ಮನೆಯ ಒಳಕೋಣೆಯಲ್ಲಿಯೂ ಪಂಪುಸೆಟ್ಟಿನ ಬಳಿಯಲ್ಲಿಯೂ ನಿಂತು ನೋಡುವುದು ಅತ್ಯುತ್ತಮ ಪ್ರಯೋಗ. ಇದಕ್ಕೆ ಖರ್ಚಿಲ್ಲ.

ಕೈಯಲ್ಲಿರುವ ಯಂತ್ರವನ್ನೂ ಗಮನಿಸಬೇಕು. ಹಳೆಯ ರಿಲಯನ್ಸಿನ ಸಿ.ಡಿ.ಎಂ.ಎ. ಫೋನುಗಳಲ್ಲಿ ಚೀಟಿಯೇ ಇರುತ್ತಿರಲಿಲ್ಲ, ಗುರುತನ್ನು ಯಂತ್ರದೊಳಗೇ ಬರೆದಿರುತ್ತಿದ್ದರು. ನಂಬರನ್ನು ಒಯ್ದರೂ ಯಂತ್ರವನ್ನು ಎಸೆಯಬೇಕಾಗುತ್ತಿತ್ತು. ಇಂದಿಗೂ ಎರಡನೆಯ ತಲೆಮಾರಿನ ಗುಂಡಿಯ ಫೋನನ್ನು ಹಿಡಿದವರು ಎರಡನೆಯ ತಲೆಮಾರಿನ ಜಾಲವೇ ಇಲ್ಲದ ಜಿಯೋಗೆ ಹೋದರೆ ಅದೇ ಗತಿ.

ಖಾನೆಯಲ್ಲಿದ್ದ ಫೋನು

ಸಾವಕಾರರ ಎರಡನೆಯ ನಂಬರಿನ ವಿಷಯಕ್ಕೆ ಬರುತ್ತೇನೆ. ಗೋಪುರ ನಿಂತು ಎಷ್ಟೋ ದಿನಗಳಾದ ಮೇಲೆ ಬ್ಯಾಂಕಿನ ಒಂದು ಕೆಲಸಕ್ಕೆ ಅದರ ನೆನಪಾಯಿತು. ಫೋನನ್ನು ಹೊತ್ತಿಸಿದರೆ ಒಂದು ಗೆರೆಯೂ ಮೂಡಲಿಲ್ಲ. ಮಸ್ಕಿಯ ಕಡೆ ಇನ್ನೂ ಸಿಗುತ್ತದೆಂದು ಯಾರೋ ಹೇಳಿದರೆಂದು ಅಲ್ಲಿಯವರೆಗೆ ಹೋಗಿ ಗುಡ್ಡದ ಹತ್ತಿರ ಫೋನನ್ನೆತ್ತಿ ನಿಂತು ಬಂದರು. ಫಲವಾಗಲಿಲ್ಲ. ಬೇರೆ ಮಾರ್ಗದಿಂದ ಸಂಕೇತ ಪಡೆಯಬಹುದೆಂಬುದು ಅವರಿಗೂ ನನಗೂ ಆಗ ತಿಳಿದಿರಲಿಲ್ಲ. ತಿಳಿಯುವ ಹೊತ್ತಿಗೆ ಅವಧಿ ಮುಗಿದಿತ್ತು.

“ರೊಕ್ಕ ನಂದು, ಪಾಸ್‌ಬುಕ್ ನಂದು, ಸಹೀನೂ ನಂದ ಐತ್ರಿ ಸರ. ಆದ್ರ ಓಟಿಪಿ ಮಾತ್ರ ಸತ್ತ ನಂಬರಿಗೆ ಹೊಂಟೈತಿ. ಈಗ ನಾ ಯಾರಂತ ಆ ಮಷೀನಿಗೆ ಹೆಂಗ ತಿಳಿಸೂದ್ರಿ?” ಎಂದು ನನ್ನನ್ನು ಕೇಳಿದರು.

ಅವರ ಪ್ರಶ್ನೆ ಸಣ್ಣದಲ್ಲ. ಓಟಿಪಿ ಎಂಬ ಒಮ್ಮೆಯ ಗುಟ್ಟಂಕಿಯನ್ನು ಕಳುಹಿಸುವಾಗ ಬ್ಯಾಂಕು ಆಳನ್ನು ನೋಡುವುದಿಲ್ಲ, ಬಿರುದನ್ನು ನೋಡುತ್ತದೆ. ಆ ನಂಬರಿನ ಫೋನು ಯಾರ ಕೈಯಲ್ಲಿದೆಯೋ ಅವನೇ ಖಾತೆದಾರನೆಂದು ನಂಬುತ್ತದೆ. ನಮ್ಮ ದೇಶದಲ್ಲಿ ನಿಂತುಹೋದ ನಂಬರನ್ನು 90 ದಿನಗಳವರೆಗೆ ಯಾರಿಗೂ ಕೊಡಬಾರದೆಂದು ನಿಯಮವಿದೆ; ಅನಂತರ ಅದು ಹೊಸಬನೊಬ್ಬನಿಗೆ ಹೋಗಬಹುದು. ಆಗ ಹಳೆಯ ಗೆಳೆಯರ ಕರೆಗಳೂ ಬ್ಯಾಂಕಿನ ಗುಟ್ಟಂಕಿಗಳೂ ಆ ಅಪರಿಚಿತನಿಗೆ ಮುಟ್ಟುತ್ತವೆ. ದೇವಾನಾಂಪ್ರಿಯ ಎಂಬ ಒಂದೇ ಬಿರುದಿನಿಂದ ಪ್ರಿನ್ಸೆಪ್ಪನು ಸಿಂಹಳಕ್ಕೆ ಹೋಗಿಬಂದಂತೆ ಬ್ಯಾಂಕಿನ ಯಂತ್ರವೂ ತಪ್ಪು ಅರಸನ ಬಾಗಿಲು ತಟ್ಟುತ್ತದೆ. ಕಂಪೆನಿ ಇರಲಿ ಹೋಗಲಿ, ನಂಬರನ್ನು ಬಿಡುವ ಮೊದಲು ಅದನ್ನು ಎಲ್ಲೆಲ್ಲಿ ಜೋಡಿಸಿದ್ದೇವೆಂದು ಒಂದು ಹಾಳೆಯಲ್ಲಿ ಬರೆದು ಒಂದೊಂದನ್ನಾಗಿ ಬಿಡಿಸಬೇಕು. ಸಾವಕಾರರು ಲಿಖಿತ ಅರ್ಜಿ, ಪಾಸ್‌ಬುಕ್ಕು, ಆಧಾರಿನ ಪ್ರತಿಗಳನ್ನು ಹಿಡಿದು ಬ್ಯಾಂಕಿಗೂ ಆಧಾರ್ ಕೇಂದ್ರಕ್ಕೂ ಎರಡು ವಾರ ಅಲೆದು ಬೇರೆ ನಂಬರನ್ನು ಜೋಡಿಸಿಕೊಂಡರು. ಬೆರಳಚ್ಚು ಸವೆದುಹೋಗಿದ್ದರಿಂದ ಅದೂ ಸಲೀಸಾಗಲಿಲ್ಲವೆನ್ನಿ. ಆದರೆ ಅದು ಬೇರೆಯ ಲೇಖನದ ವಿಷಯ.

ಫಲಕದ ನಂಬರು ಮಾತ್ರ ಅದೇ ಹಳದಿ ಬಣ್ಣದಲ್ಲಿದೆ. ಮೊನ್ನೆ ನಾನು ಅಂಗಡಿಯಲ್ಲಿ ಕುಳಿತಿದ್ದಾಗ ಅದು ಬಡಿದುಕೊಂಡಿತು. ರಾಯಚೂರಿನಿಂದ ಯಾರೋ ಒತ್ತಿದ್ದ ಹತ್ತಂಕೆಗಳು, ಹೋದ ಕಂಪೆನಿಯ ಗುರುತನ್ನು ಇನ್ನೂ ಹಣೆಯ ಮೇಲೆ ಹೊತ್ತುಕೊಂಡೇ, ಅಲ್ಲಿಯ ಯಂತ್ರವನ್ನು ಸೇರಿದವು. ಯಂತ್ರವು ಪುಸ್ತಕವನ್ನು ತೆರೆದು ನೋಡಿತು. ನಾಲ್ಕಂಕಿಯ ದಾರಿಸಂಖ್ಯೆ ಅಂಟಿತು. ಹೊಸ ಕಂಪೆನಿಯ ತವರು ದಫ್ತರವು ‘ಸಿಂಧನೂರು’ ಎಂದಿತು. ಬಸ್ ನಿಲ್ದಾಣದ ಹಿಂದಿನ ಗೋಪುರದಿಂದ ಅಲೆ ಹೊರಟಿತು. ಚೀಟಿಯು ತನ್ನ ಕೀಲಿಯಿಂದ ತಾನಾರೆಂದು ರುಜುವಾತು ಮಾಡಿತು. ಸಾವಕಾರರು ಕನ್ನಡಕವನ್ನು ಹಣೆಗೇರಿಸಿ ಫೋನನ್ನು ಕಿವಿಗೆ ಹಿಡಿದರು.

“ಹಲೋ... ಹ್ಞೂಂ, ನಾನ ಮಾತಾಡೋದು. ಸೋನಾ ಮಸೂರಿ ಏನ್ರೀ? ಎಷ್ಟ ಚೀಲ ಅದಾವು?”